ಬಂಡಿದಾರಿ ಹಿಡಿದ ಛರ್ರಾ

ಕಮಲಾಪುರದ ಸೀಮೆಯಲ್ಲಿ ಗಾಳಿಬಂದೂಕಿನ ಛರ್ರಾ ಬಂಡಿದಾರಿಯಲ್ಲಿಯೇ ಸಂಚರಿಸತಕ್ಕದ್ದು ಎಂಬ ವಿಷಯ ಈಗ ಇತ್ಯರ್ಥವಾಗಿದೆ. ಛರ್ರಾ ಎಂದರೆ ತೊಗರಿಕಾಳಿನಷ್ಟು ಸೀಸದ ಗುಂಡು. ಅದು ಇದುವರೆಗೆ ಯಾವ ತಕರಾರನ್ನೂ ಸಲ್ಲಿಸಿಲ್ಲ.

ಇದನ್ನೆಲ್ಲ ಶುರು ಮಾಡಿದವರು ಬ್ರಹ್ಮಪುರದ ಸುನಂದಾಬಾಯಿ. ಕಲಬುರಗಿಯ ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದವರು. ಪ್ರಯೋಗ ಇವರು ಮಾಡುವುದು, ಉತ್ತರ ಪುಸ್ತಕದಲ್ಲಿದ್ದಂತೆ ಬರದಿದ್ದರೆ ಪ್ರೊಫೆಸರರು ಅಂಕಿ ತಿದ್ದಿ ಬರಿಸುವುದು, ಹೀಗೇ ನಡೆದಿತ್ತು. ಯಾರೂ ತಿದ್ದದ, ತನ್ನದೇ ಆದ, ಖರೇ ಇರುವ ಒಂದೇ ಒಂದು ಅಂಕಿ ಬೇಕು ಎಂಬ ಆಸೆ ಬಾಯಿಯವರ ಹೊಟ್ಟೆಯಲ್ಲಿ ಉಳಿದುಬಿಟ್ಟಿತ್ತು. ಐವತ್ತೆರಡನೇ ವಯಸ್ಸಿನಲ್ಲಿ ಒಂದು ಗಾಳಿಬಂದೂಕು ಕೊಂಡರು, ಅಂಕಿಯನ್ನೂ ಆರಿಸಿಕೊಂಡರು. ನೂರು ಮೀಟರ್ ದೂರದ ಗುರಿ.

ಪ್ರತಿ ರವಿವಾರ ಬಸ್ಸು ಹತ್ತಿ ಕಮಲಾಪುರದ ತವರಿನ ಹೊಲಕ್ಕೆ ಹೋಗತೊಡಗಿದರು. ಬಂದೂಕನ್ನು ಅವಚಿ ಹಿಡಿದರೆ ಅದಕ್ಕೆ ಸಿಟ್ಟು ಬರುತ್ತದೆ, ಮಲಗಿದ ಕೂಸನ್ನು ಎತ್ತಿಕೊಂಡ ಹಾಗೆ ಸಡಿಲ ಹಿಡಿಯಬೇಕು ಎಂದು ತಿಳಿಯಲಿಕ್ಕೇ ಎರಡು ತಿಂಗಳು ಹಿಡಿಯಿತು. ಹತ್ತು ಮೀಟರ್ ಆಯಿತು, ಇಪ್ಪತ್ತೈದಾಯಿತು. ಐವತ್ತು ದಾಟಿದ ಮೇಲೆ ಗಾಳಿಯ ಕಾಟ. ಕೋಲಿಗೆ ದಾರ ಕಟ್ಟಿ ಗಾಳಿ ನೋಡಿ, ಗುರಿಗಿಂತ ಆಳೆತ್ತರ ಮೇಲೆ, ಮೊಳದಷ್ಟು ಬಾಜೂಕ್ಕೆ ಹಿಡಿದರೆ ಛರ್ರಾ ಬಾಗಿ ಬಂದು ಇಳಿಯುತ್ತದೆ. ಗುರಿ ಎಂದರೆ ರೊಟ್ಟಿಯಗಲದ ಕಬ್ಬಿಣದ ತಟ್ಟೆ, ಅದರ ಬೆನ್ನಿಗೆ ಬಾವಿ ತೋಡಿದ ಮಣ್ಣಿನ ದಿಬ್ಬ. ತವರಿನ ಹೊಲ ಪಾಲಾಗಿ ಎರಡು ತುಂಡಾಗಿತ್ತು. ಬಾಯಿಯವರು ಕೂಡುವುದು ಈ ತುಂಡಿನಲ್ಲಿ, ತಟ್ಟೆ ಆ ತುಂಡಿನಲ್ಲಿ, ನಡುವೆ ನೆರೆಯ ರೈತ ಭೀಮಶಾನ ತೊಗರಿ ಹೊಲ.

ಛರ್ರಾ ತಟ್ಟೆಯ ಪಕ್ಕಕ್ಕೇ ಬೀಳತೊಡಗಿದ ರವಿವಾರವೇ ಭೀಮಶಾ ಬಂದು ನಿಂತ.

"ಬಾಯಾರ, ನಿಮ್ಮ ಮ್ಯಾಲ ನಂದೇನೂ ಸಿಟ್ಟಿಲ್ರಿ. ಆದ್ರ ಇವತ್ತ ಛರ್ರಾ ಹಾಯ್ತದ, ನಾಳಿಗಿ ಅದೇ ದಾರಿ ಅಂತ ಟ್ರ್ಯಾಕ್ಟರ್ ಹಾಯ್ತದ. ಒಂದ್ ಕಾಗದ ಮಾಡಿಸಿಬಿಡ್ರಿ."

"ಅದು ಗಾಳ್ಯಾಗ ಹೋಗ್ತದೋ ಮಾರಾಯ!"

"ನಮ್ಮ ಕಾಕಾನೂ ಹಂಗೇ ಅಂದಿದ್ದರಿ. ಬರೇ ಬೇವಿನ ಗಿಡದ ನೆಳ್ಳು ನಿಮ್ಮ ಕಡಿ ಬೀಳ್ತದ ಅಂದ. ಈಗ ನೆಳ್ಳು ಬಿದ್ದಷ್ಟೂ ಹೊಲ ಅಂವಂದು."

ಬಾಯಿಯವರು ಮರುದಿನವೇ ಕಲಬುರಗಿಯ ಸ್ಟೇಶನ್ ಬಜಾರದ ಲಾಡ್ಜೊಂದರ ಮೇಲಿರುವ ದಾರಿಹಕ್ಕು ಮತ್ತು ಅಡ್ಡಹಾಯ್ವಿಕೆ ನಿವಾರಣಾ ಶಾಖೆಗೆ ಅರ್ಜಿ ಹಾಕಿದರು. ಅಲ್ಲಿಯ ಅಧೀಕ್ಷಕ ವಿವೇಕಾನಂದರು ಅರ್ಜಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಈ ಛರ್ರಾ ನೆಟ್ಟಗ ಹೋಗ್ತದೇನ್ರಿ?"

ಸುನಂದಾಬಾಯಿ ಸುಳ್ಳು ಹೇಳುವ ಪೈಕಿ ಅಲ್ಲ. "ನೆಟ್ಟಗ ಎಲ್ಲಿ ಹೋಗ್ತದ್ರಿ? ಮ್ಯಾಲ ಏರಿ ಕೆಳಗ ಇಳೀತದ. ಗಾಳಿ ಬಂದ್ರ ಬಾಜೂಕ ಸರೀತದ."

"ಅಂದ್ರ ತಿರುಗೋ ರೂಢಿ ಅದ."

"ಸ್ವಲ್ಪ ಅದರಿ."

"ಸ್ವಲ್ಪ ಅಂದ್ರ ಎಷ್ಟು ಅನ್ನೋದು ಶಾಖೆ ನೋಡ್ಕೋತದ, ನೀವು ನಡೀರಿ."

ಶಾಖೆ ಮೂರು ತಿಂಗಳು ನೋಡಿಕೊಂಡಿತು. ನಂತರ ಆದೇಶ ಹೊರಟಿತು:

"ಅರ್ಜಿದಾರರ ಸ್ವಂತ ಹೇಳಿಕೆಯಂತೆ ಸದರಿ ಛರ್ರಾ ಬಾಗುವ ಸ್ವಭಾವದ್ದಿರುತ್ತದೆ. ಆದಕಾರಣ ಪರರ ಜಮೀನು ಹಾಯುವ ಅನಿವಾರ್ಯತೆ ಕಂಡುಬರುವುದಿಲ್ಲ. ಅದು ನಕಾಶೆಯಲ್ಲಿರುವ ಬಂಡಿದಾರಿಯಲ್ಲಿ ಹೊರಟು, ಹುಣಸೆಮರದ ಬಳಿ ಎಡಕ್ಕೂ ಬಾಳೆತೋಟದ ಮೂಲೆಯಲ್ಲಿ ಬಲಕ್ಕೂ ತಿರುಗತಕ್ಕದ್ದು. ಎದುರಿಗೆ ದನಕರು ಬಂದಲ್ಲಿ ದಾರಿ ಬಿಡತಕ್ಕದ್ದು. ತಪ್ಪಿದಲ್ಲಿ ಬಂದೂಕನ್ನು ಜಪ್ತಿ ಮಾಡಲಾಗುವುದು. ಬರುವ ರವಿವಾರ ಸ್ಥಳ ಪರಿಶೀಲನೆ."

ರವಿವಾರ ಜೀಪು ಬಂತು. ಐದು ಮಂದಿ ಪಂಚರನ್ನು ಬಂಡಿದಾರಿಯುದ್ದಕ್ಕೂ ನಿಲ್ಲಿಸಲಾಯಿತು. ಭೀಮಶಾ ಹುಣಸೆಮರದ ತಿರುವಿನಲ್ಲಿ, ಎಮ್ಮೆ ಕಾಯುವ ಶಂಕ್ರಮ್ಮ ಎಮ್ಮೆಸಮೇತ ತೋಟದ ಮೂಲೆಯಲ್ಲಿ. ಬಾಯಿಯವರು ದಾರ ನೋಡಿದರು. ಗಾಳಿ ಸುಮ್ಮನಾಗಿತ್ತು. ತೊಗರಿಯ ನಡುವೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಉಸಿರು ಬಿಟ್ಟು, ಬಂದೂಕಿನ ಕುದುರೆ ಎಳೆದರು.

ಠಣ್!

ವರ್ಷದ ಮೇಲಾಗಿತ್ತು ಆ ಸದ್ದಿಗೆ ಕಾದು. ಬಾಯಿಯವರ ಕಣ್ಣಲ್ಲಿ ನೀರೇ ಬಂತು. "ಬಿತ್ತು! ನೂರು ಮೀಟರಿಗೆ ಬಿತ್ತರಿ!" ಎಂದು ಕೂಗಿ ತಿರುಗಿದರೆ, ತಟ್ಟೆಯ ಕಡೆ ಒಬ್ಬರೂ ನೋಡುತ್ತಿರಲಿಲ್ಲ. ಎಲ್ಲರೂ ಬಂಡಿದಾರಿ ನೋಡುತ್ತಿದ್ದರು.

"ಯಾವ ಕಡಿಂದ ಹೋಯ್ತು?" ಎಂದರು ವಿವೇಕಾನಂದರು.

"ನನ್ನ ಹೊಲದಾಗಂತೂ ಹಾಯ್ದಿಲ್ರಿ," ಎಂದ ಭೀಮಶಾ, ಎದೆ ಮೇಲಿನ ಕಲ್ಲು ಇಳಿದವನಂತೆ.

"ನನ್ನ ಮುಂದೇ ಹೋಯ್ತರಿ," ಎಂದಳು ಶಂಕ್ರಮ್ಮ.

"ಕಣ್ಣಾರೆ ನೋಡಿದಿ?"

"ಎಮ್ಮಿ ಕಿವಿ ಅಲ್ಲಾಡಿಸ್ತರಿ."

ಎಮ್ಮೆಗೆ ದಾರಿ ಬಿಟ್ಟಿರುವುದು ದೃಢಪಟ್ಟಿದೆ ಎಂದು ಪಂಚನಾಮೆಯಲ್ಲಿ ಬರೆಯಲಾಯಿತು. ಬಂಡಿದಾರಿಯನ್ನು ಸರಪಳಿ ಹಿಡಿದು ಅಳೆದರು. ಗುಂಡು ಕ್ರಮಿಸಿದ ದೂರ ಮುನ್ನೂರ ನಲವತ್ತು ಮೀಟರ್.

"ಸಾಹೇಬ್ರ, ಅದು ನೂರು," ಎಂದರು ಬಾಯಿಯವರು. "ನಾನೇ ಟೇಪ್ ಹಿಡಿದು ಅಳದೀನಿ. ನಂಗ ನೂರೇ ಬರದು ಕೊಡ್ರಿ."

"ನೂರು ಅಂದ್ರ ತೊಗರ್ಯಾಗ ಹಾಯ್ದಂಗ. ಹಂಗೇ ಬರೀಲೇನು? ಜಪ್ತಿ ಚೀಲ ಜೀಪಿನಾಗೇ ಅದ." ವಿವೇಕಾನಂದರಿಗೆ ಸಿಟ್ಟೇನೂ ಇರಲಿಲ್ಲ. ಜೀಪಿನಲ್ಲಿ ಆಗಲೇ ಎರಡು ಗೊನೆ ಕೆಂಬಾಳೆ ಪಂಚನಾಮೆಯ ಲಗತ್ತುಗಳಾಗಿ ಏರಿ ಕೂತಿದ್ದವು. "ಬಾಯಾರ, ಮಂದಿ ನಾಕು ಜಾಸ್ತಿ ಬರೀರಿ ಅಂತ ಕಾಲಿಗಿ ಬೀಳ್ತಾರ. ನಿಮಗ ಪುಕ್ಕಟೆ ಇನ್ನೂರ ನಲವತ್ತು ಸಿಕ್ಕದ. ಅಳ್ತೀರಲ್ಲ!"

ಬಾಯಿಯವರು ಬಂದೂಕಿನ ಕಡೆ ನೋಡಿದರು, ಚೀಲದ ಕಡೆ ನೋಡಿದರು, ರುಜು ಹಾಕಿದರು.

ಮುನ್ನೂರ ನಲವತ್ತು ಮೀಟರಿನ ಸಾಧನೆಗಾಗಿ ಕಾಲೇಜಿನಲ್ಲಿ ಸನ್ಮಾನವಾಯಿತು. ಶಾಲು, ಹಾರ, ಫೋಟೋ. ಈ ಅಂಕಿಯನ್ನು ತಿದ್ದುವ ಅಗತ್ಯ ತಮಗೆ ಕಂಡುಬರಲಿಲ್ಲ ಎಂದು ಪ್ರೊಫೆಸರರು ಭಾಷಣದಲ್ಲಿ ಹೇಳಿದರು. ಕಮಲಾಪುರದಲ್ಲೂ ಎಲ್ಲ ಸುಸೂತ್ರವಾಯಿತು. ಬಾಯಿಯವರು ಬಂದೂಕು ಎತ್ತಿದೊಡನೆ ಬಂಡಿದಾರಿಯಲ್ಲಿ ಹೋಗುವವರು ಪಕ್ಕಕ್ಕೆ ಸರಿದು ನಿಲ್ಲುವುದು, ಛರ್ರಾ ದಾಟುವಷ್ಟು ಹೊತ್ತು ಬಿಟ್ಟು ಮತ್ತೆ ಹೊರಡುವುದು ರೂಢಿಯಾಯಿತು.

ಆಮೇಲೊಂದು ರವಿವಾರ ಗಾಳಿ ಎದ್ದಿತ್ತು. ಬಾಯಿಯವರು ಹೊಡೆದರು. ಠಣ್ ಎನ್ನಲಿಲ್ಲ. ತಟ್ಟೆಯಿಂದ ಒಂದು ಗೇಣು ಆಚೆ, ದಿಬ್ಬದ ಮಣ್ಣು ಚಿಮ್ಮಿದ್ದನ್ನು ತಮ್ಮ ಕಣ್ಣಿಂದಲೇ ನೋಡಿದರು. ಬಂದೂಕು ಕೆಳಗಿಟ್ಟರು, ಎದ್ದರು, ಬಂಡಿದಾರಿ ಹಿಡಿದು ನಡೆದರು.

ಹುಣಸೆಮರದ ತಿರುವಿನಲ್ಲಿ ಭೀಮಶಾ ಆಗಲೇ ಕುಕ್ಕರಗಾಲಲ್ಲಿ ಕೂತು ಧೂಳು ಕೆದಕುತ್ತಿದ್ದ.

"ಸಿಕ್ತೇನೋ?"

"ಇನ್ನಾ ಇಲ್ರಿ. ಇಲ್ಲಿತನಕಾ ಸರಳ ಬಂದದ ಬಾಯಾರ. ತಿರುಗೋ ಮುಂದ ಏನೋ ಎಡವಟ್ಟಾಗ್ಯದ."

ಸುನಂದಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನ ಪಕ್ಕದಲ್ಲಿ ಕೂತರು.

"ತಪ್ಪು ಅದರದಲ್ಲೋ ಭೀಮಶಾ. ಇಲ್ಲಿ ಎಡಕ್ಕ ತಿರುಗಬೇಕಾಗಿತ್ತು, ನಾನೇ ಬಂದೂಕ ಬಲಕ್ಕ ಹಿಡದೀನಿ," ಎಂದು ಚಕ್ರದ ಜಾಡಿನಲ್ಲಿ ಬೆರಳಾಡಿಸಿ ಹುಡುಕತೊಡಗಿದರು.