ಪರವಾಗಿಲ್ಲಕ್ಕನ ಹನ್ನೆರಡು ಸಿಟ್ಟು

ಸಂಜೆ ಕಾಲೇಜಿನಲ್ಲಿ ಓದುತ್ತಿರುವ, ಮೂವತ್ತು ದಾಟಿದ ಎಲ್ಲ ವಿದ್ಯಾರ್ಥಿಗಳಿಗೂ ಜೀವನದಲ್ಲಿ ತಲಾ ಒಂದು ಗುರಿ ಇರತಕ್ಕದ್ದು ಎಂಬ ಆದೇಶ ಆ ವರ್ಷದ ಜುಲೈ ಒಂದರಿಂದ ಜಾರಿಗೆ ಬಂದಿತು. ಅದಕ್ಕೂ ಮುಂಚಿನಿಂದ ಯಾರಿಗಾದರೂ ಗುರಿಯಿದ್ದಲ್ಲಿ ಅದನ್ನು ಪರಿಗಣಿಸಲಾಗುವುದಿಲ್ಲವೆಂದೂ, ನಮೂನೆ ಏಳರ ಎರಡು ಹಾಳೆಗಳನ್ನು ಭರ್ತಿ ಮಾಡಿ ಹೊಸ ಗುರಿ ಸಲ್ಲಿಸಬೇಕೆಂದೂ, ಮಾರ್ಚ್ ಮುಗಿಯುವುದರೊಳಗೆ ಗುರಿ ಮುಟ್ಟದವರಿಗೆ ಹಾಲ್ ಟಿಕೆಟ್ ಕೊಡಲಾಗುವುದಿಲ್ಲವೆಂದೂ ಸೂಚನಾ ಫಲಕದಲ್ಲಿ ಅಂಟಿಸಲಾಯಿತು. ಇದರ ಉಸ್ತುವಾರಿಗೆಂದು ವೈಯಕ್ತಿಕ ಗುರಿ ನಿರ್ವಹಣಾ ವಿಭಾಗ ಆಟದ ಸಾಮಾನಿನ ಕೋಣೆಯಲ್ಲಿ ಆರಂಭವಾಯಿತು. ಅಲ್ಲಿದ್ದ ಗಾಳಿ ಹೋದ ಏಳು ಫುಟ್‌ಬಾಲುಗಳ ಜವಾಬ್ದಾರಿಯೂ ವಿಭಾಗದ ಅಧೀಕ್ಷಕರ ತಲೆಗೇ ಬಿತ್ತು.

ಪರವಾಗಿಲ್ಲಕ್ಕ ಈ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿನಿ. ವಯಸ್ಸು ನಲವತ್ನಾಲ್ಕು. ಹಗಲು ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವ, ಸಡಿಲಾದ ಸ್ಕ್ರೂ ಬಿಗಿ ಮಾಡುವ ಕೆಲಸ. ಕನ್ನಡಕದ ಮೇಲೆ ತಾವೇ ಕೂತೆದ್ದು, ಅದು ತಾನಾಗಿಯೇ ಸೊಟ್ಟಗಾಯಿತೆಂದು ಜಗಳಕ್ಕೆ ಬರುವ ಗಿರಾಕಿಗಳಿಗೂ "ಪರವಾಗಿಲ್ಲ, ಕೊಡಿ" ಅನ್ನುವವಳು. ಯಜಮಾನರು ಹನ್ನೊಂದು ವರ್ಷ ಕುರ್ಚಿ ಕೊಡದೆ ಸ್ಟೂಲಿನ ಮೇಲೆ ಕೂರಿಸಿದ್ದಕ್ಕೂ ಪರವಾಗಿಲ್ಲ ಅಂದಿದ್ದಳು. ಹೆಸರು ಬಂದದ್ದು ಹಾಗೆ. ಪದವಿಗೆ ಸೇರಿ ಆರು ವರ್ಷವಾಗಿತ್ತು. ಉಳಿದದ್ದೆಲ್ಲ ಪಾಸಾಗಿ ಸಂಖ್ಯಾಶಾಸ್ತ್ರವೊಂದೇ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಎರಡು ಸಲ ಕೂತು ಎರಡು ಸಲವೂ ಡುಮ್ಕಿ ಹೊಡೆದಿದ್ದಳು. ಈ ಸಲದ ಮೂರನೆಯ ಪರೀಕ್ಷೆಯೇ ಕೊನೆಯದು, ಅದೂ ತಪ್ಪಿದರೆ ಆರು ವರ್ಷ ನೀರಿಗೆ ಹಾಕಿದ ಹಾಗೆ.

ಓದಲು ಅವಳಿಗಿದ್ದದ್ದು ಬೆಳಿಗ್ಗೆ ಐದರಿಂದ ಆರು, ಅಡುಗೆಮನೆಯ ಪಕ್ಕದ ಊಟದ ಮೇಜು. ನಾಲ್ಕು ಸಾಲು ಓದುವಷ್ಟರಲ್ಲಿ ಗಂಡ ಕಾಲುಚೀಲ ಕೇಳುತ್ತಿದ್ದ. ಕೊಟ್ಟು ಬಂದು ಕೂತರೆ ಅತ್ತೆ ಕನ್ನಡಕ ಹುಡುಕುತ್ತಿದ್ದರು. ಅದು ಅವರ ತಲೆಯ ಮೇಲೇ ಇರುತ್ತಿತ್ತು. "ಪರವಾಗಿಲ್ಲ ಅತ್ತೆ" ಅಂದು ಅದನ್ನು ಮೂಗಿಗೆ ಇಳಿಸಿ ಬರುವ ಹೊತ್ತಿಗೆ ಆರು ಹೊಡೆಯುತ್ತಿತ್ತು. ಆದ್ದರಿಂದ ನಮೂನೆಯ ಎರಡನೇ ಹಾಳೆಯಲ್ಲಿ ಅವಳು ದುಂಡಗೆ ಬರೆದಳು: ಗುರಿ, ದಿನಕ್ಕೆ ಒಂದು ಗಂಟೆ ಓದುವುದು. ಆರಂಭಿಕ ಸ್ಥಿತಿ, ನಾಲ್ಕು ಸಾಲು.

ಆಗಸ್ಟಿನಲ್ಲಿ ವಾರ್ಷಿಕ ಗುಂಡುಸೂಜಿ ತಪಾಸಣೆ ನಡೆಯಿತು. ಕಾಲೇಜಿನ ಆಸ್ತಿಯಾದ ಗುಂಡುಸೂಜಿಗಳನ್ನು ವರ್ಷಕ್ಕೊಮ್ಮೆ ಎಲ್ಲ ಕಡತಗಳಿಂದ ಕಿತ್ತು, ಎಣಿಸಿ, ಮತ್ತೆ ಚುಚ್ಚುವುದು ಮೊದಲಿನಿಂದ ಬಂದ ಕ್ರಮ. ಒಂದು ಸೂಜಿಯೂ ಕಳೆದಿರಲಿಲ್ಲ. ಹಾಳೆಗಳು ತಪಾಸಣೆಯ ವ್ಯಾಪ್ತಿಗೆ ಬರುವುದಿಲ್ಲ. ಹೀಗಾಗಿ ಅಕ್ಕನ ಹೆಸರಿದ್ದ ಮೊದಲ ಹಾಳೆಗೆ ಬಸ್ ಡಿಪೋದ ಟೈಮ್‌ಕೀಪರನ ಎರಡನೇ ಹಾಳೆಯೂ, ಅವನ ಮೊದಲ ಹಾಳೆಗೆ ಅಕ್ಕನ ಎರಡನೆಯದೂ ಸೇರಿಕೊಂಡವು. ಟೈಮ್‌ಕೀಪರ್ ತರಗತಿಯಲ್ಲಿ ಅವಳ ಹಿಂದಿನ ಬೆಂಚಿನವನು, ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ತಿರುಗುವ ಆಸಾಮಿ. ಅವನು ಪಾಪ ಪ್ರಾಮಾಣಿಕವಾಗಿ ಬರೆದಿದ್ದ: ಗುರಿ, ಸಿಟ್ಟು ಕಡಿಮೆ ಮಾಡುವುದು. ಆರಂಭಿಕ ಸ್ಥಿತಿ, ದಿನಕ್ಕೆ ಹನ್ನೆರಡು. ಅಂತಿಮ ಸ್ಥಿತಿ, ಎರಡು.

ಅಕ್ಕ ಕಡತ ಹಿಡಿದು ವಿಭಾಗಕ್ಕೆ ಹೋದಳು. "ಸರ್, ಇದು ನಂದಲ್ಲ. ನಂಗೆ ಸಿಟ್ಟೇ ಬರಲ್ಲ."

ಅಧೀಕ್ಷಕರು ಕಡತ ತಿರುಗಿಸಿ ನೋಡಿದರು. "ಹೆಸರು ನಿಮ್ದೇ ತಾನೇ?"

"ಹೆಸರು ನಂದೇ."

"ಸೂಜಿ ಚುಚ್ಚಿದೆ ತಾನೇ?"

"ಚುಚ್ಚಿದೆ ಸರ್. ಹಾಳೆ ಅದಲು ಬದಲಾಗಿದೆ."

"ಬದಲಾಯಿಸೋಕೆ ಅವಕಾಶ ಇದೆಯಮ್ಮ. ನಿಯಮ ಹನ್ನೊಂದು. ಈಗಿರೋ ಗುರಿ ಸಾಧಿಸಿದ ಮೇಲೆ ಬೇರೆ ಗುರಿಗೆ ಅರ್ಜಿ ಹಾಕ್ಬಹುದು."

"ಹಾಗಾದ್ರೆ ಸಾಧಿಸಿದಾಳೆ ಅಂತ ಬರ್ಕೊಳ್ಳಿ. ನಂದು ಸೊನ್ನೆ. ಎರಡಕ್ಕಿಂತ ಕಡಿಮೆನೇ ಇದೆಯಲ್ಲ."

ಅಧೀಕ್ಷಕರು ಕನಿಕರದಿಂದ ನಕ್ಕರು. "ಹನ್ನೆರಡರಿಂದ ಎರಡಕ್ಕೆ ಇಳಿದ್ರೆ ಶೇಕಡಾ ಎಂಬತ್ತಮೂರು ಪ್ರಗತಿ. ಸೊನ್ನೆಯಿಂದ ಎರಡಕ್ಕೆ ಹೋದ್ರೆ ಅದು ಅಧೋಗತಿ. ಮೊದ್ಲು ಹನ್ನೆರಡು ಮಾಡ್ಕೊಳ್ಳಿ. ಡಿಸೆಂಬರ್ ತನಕ ಟೈಮಿದೆ. ಆಮೇಲೆ ಕೂತ್ಕೊಂಡು ನಿಧಾನಕ್ಕೆ ಇಳಿಸೋಣ."

"ಪರವಾಗಿಲ್ಲ ಸರ್" ಅಂದುಬಿಟ್ಟಳು ಅಕ್ಕ. ಮೆಟ್ಟಿಲು ಇಳಿಯುವಾಗ ಅವಳಿಗೆ ಅಳು ಬಂತು, ಆದರೆ ಅಳುವಿಗೆ ವಿಭಾಗದಲ್ಲಿ ನಮೂನೆ ಇರಲಿಲ್ಲ.

ಅವಳಿಗೆ ಕೊಟ್ಟ ಸಿಟ್ಟಿನ ದಾಖಲೆ ಪುಸ್ತಕದ ಮೊದಲ ಪುಟದಲ್ಲಿ ಸೂಚನೆಗಳಿದ್ದವು. ಸಿಟ್ಟು ಎಂದರೆ ಎದುರಿನವರಿಗೆ ಕೇಳಿಸುವಂತೆ ವ್ಯಕ್ತಪಡಿಸಿದ ಅಸಮಾಧಾನ. ಮನಸ್ಸಿನಲ್ಲೇ ಮಾಡಿಕೊಂಡದ್ದು, ಪಾತ್ರೆ ಕುಕ್ಕಿದ್ದು, ಗೊಣಗಿದ್ದು ಲೆಕ್ಕಕ್ಕಿಲ್ಲ. ಪ್ರತಿ ಸಿಟ್ಟಿನ ಎದುರು ವೇಳೆ, ಕಾರಣ ಮತ್ತು ಸಿಟ್ಟಿಗೆ ಗುರಿಯಾದವರ ಸಹಿ ಕಡ್ಡಾಯ.

ಮರುದಿನ ಬೆಳಿಗ್ಗೆ ಅಕ್ಕ ಗಂಡನ ಮುಂದೆ ಪುಸ್ತಕ ಹಿಡಿದು ನಿಂತಳು. "ರೀ, ಈಗ ನಿಮ್ಮ ಮೇಲೆ ಸಿಟ್ಟು ಮಾಡ್ಕೋಬೇಕು. ಒಂದು ಸಹಿ ಹಾಕ್ತೀರಾ?"

"ಹಾಕೋಣಂತೆ. ಮೊದ್ಲು ಕಾಫಿ ಕೊಡು."

ಅವಳು ಕಾಫಿ ಮಾಡಿಕೊಟ್ಟಳು. ಸಿಟ್ಟು ಮರೆತೇಹೋಯಿತು. ಅತ್ತೆ ಮಾತ್ರ ಸೊಸೆಯ ಓದಿಗೆ ನೆರವಾಗಲೆಂದು, ಬೈಗುಳವಿಲ್ಲದೆಯೇ ಮೂರು ಸಹಿ ಮುಂಗಡವಾಗಿ ಹಾಕಿಕೊಟ್ಟರು. ವಿಭಾಗ ಅವನ್ನು ಅಸಿಂಧುಗೊಳಿಸಿತು. ಅಕ್ಟೋಬರಿನಲ್ಲಿ ನೋಟಿಸು ಬಂತು: "ತಮ್ಮ ಸಿಟ್ಟಿನಲ್ಲಿ ಗಣನೀಯ ಕೊರತೆ ಕಂಡುಬಂದಿದ್ದು, ತಾವು ಸಮಾಧಾನದಿಂದಿರುವುದಕ್ಕೆ ಏಳು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು."

ಅತ್ತ ಟೈಮ್‌ಕೀಪರ್ ಬೇರೆಯವರ ಗುರಿ ತನಗೇಕೆಂದು ವಿಭಾಗದ ಬಾಗಿಲಲ್ಲಿ ಅರ್ಧ ಗಂಟೆ ಕೂಗಾಡಿದ್ದ. ಸಿಟ್ಟು ಅವನ ಕಡತದಲ್ಲಿ ಇಲ್ಲದ್ದರಿಂದ ಯಾರೂ ಗಮನಿಸಲಿಲ್ಲ. ಬೇರೆ ದಾರಿ ಕಾಣದೆ ಬೆಳಿಗ್ಗೆ ಐದಕ್ಕೆದ್ದು ಓದತೊಡಗಿದ. ಓದಿದ್ದು ವ್ಯರ್ಥವಾಗಬಾರದೆಂದು ಡಿಪೋದಲ್ಲಿ ಚಾಲಕರನ್ನು ಸಾಲಾಗಿ ನಿಲ್ಲಿಸಿಕೊಂಡು, "ನಿಮ್ಮ ಬಸ್ಸಿನ ಸರಾಸರಿ ತಡ ಹದಿನಾಲ್ಕು ನಿಮಿಷ. ಮಾನಕ ವಿಚಲನೆ ಎಷ್ಟು ಅಂತ ಕೇಳಿದ್ರೆ ನಿಮಗೇ ನಾಚಿಕೆ ಆಗುತ್ತೆ" ಎಂದು ಬೈಯುತ್ತಿದ್ದ. ಚಾಲಕರು ಮೊದಲಿನ ಬೈಗುಳವೇ ವಾಸಿಯಿತ್ತು ಅನ್ನುತ್ತಿದ್ದರು.

ಅಕ್ಕ ಅವನಿಗೆ ತನ್ನ ನೋಟ್ಸು ಕೊಟ್ಟಳು. ಬದಲಿಗೆ ಅವನು ಕಾಲೇಜಿನ ವರಾಂಡದಲ್ಲಿ ಅವಳಿಗೆ ಸಿಟ್ಟು ಹೇಳಿಕೊಟ್ಟ.

"ನೀವು ಕಾರಣ ಹುಡುಕ್ತಾ ಕೂರ್ತೀರಲ್ಲ ಅಕ್ಕ, ಅದೇ ತಪ್ಪು. ಹುಡುಕೋಷ್ಟರಲ್ಲಿ ಸಿಟ್ಟು ಆರಿಹೋಗುತ್ತೆ. ಸುಮ್ನೆ ಶುರು ಹಚ್ಕೋಬೇಕು. ಕಾರಣ ಬೇಕಿದ್ರೆ ಹಿಂದಿನಿಂದ ಬರ್ಲಿ."

"ಎದುರಿನವ್ರಿಗೆ ಬೇಜಾರಾಗಲ್ವೇನಪ್ಪ?"

 ಈ ಪ್ರಶ್ನೆ ಟೈಮ್‌ಕೀಪರನಿಗೆ ಹೊಸದು. "ಗೊತ್ತಿಲ್ಲ ಅಕ್ಕ. ನಾನು ಯಾವತ್ತೂ ನಿಂತು ನೋಡಿಲ್ಲ" ಅಂದ.

ನವೆಂಬರಿನ ಒಂದು ಬೆಳಿಗ್ಗೆ ಐದು ಗಂಟೆಗೆ ಅಕ್ಕ ಮೇಜಿಗೆ ಬಂದು ಕೂತಳು. ಮೇಜು ಎಂದಿನ ಹಾಗೆ ಅಲ್ಲಾಡಲಿಲ್ಲ. ಬಗ್ಗಿ ನೋಡಿದರೆ ಕಾಲಿನ ಕೆಳಗೆ ನಾಲ್ಕು ಮಡಿಕೆಯಾದ ಕಾಗದ. ಬಿಡಿಸಿದರೆ ಅವಳದೇ ಕೈಬರಹ, ಒಂದು ತಿಂಗಳು ಕೂತು ಬರೆದುಕೊಂಡ ಸೂತ್ರಗಳ ಹಾಳೆ.

"ಅದಾ? ಮೇಜು ಅಲ್ಲಾಡ್ತಿತ್ತು, ಒತ್ತು ಕೊಟ್ಟೆ" ಅಂದ ಗಂಡ, ಆಕಳಿಸುತ್ತ. "ನನ್ನ ಕಾಲುಚೀಲ ಎಲ್ಲಿ?"

ಅಕ್ಕ ಬಾಯಿ ತೆರೆದಳು. ಪರವಾಗಿಲ್ಲ ಅನ್ನುವುದಕ್ಕೇ ತೆರೆದದ್ದು. ಬಂದದ್ದು ಬೇರೆ.

"ಕಾಲುಚೀಲ ಕಪಾಟಿನ ಎರಡನೇ ಅರೆಯಲ್ಲಿದೆ. ಇಪ್ಪತ್ತು ವರ್ಷದಿಂದ ಅಲ್ಲೇ ಇದೆ. ಆರು ವರ್ಷ ಆಯ್ತು ನಾನು ಈ ಮೇಜಿಗೆ ಬಂದು. ಒಂದು ದಿನ, ಒಂದೇ ಒಂದು ದಿನ ಐದನೇ ಸಾಲು ಓದೋಕೆ ಬಿಟ್ಟಿದೀರಾ? ನಾನು ಫೇಲಾದಾಗ ಎಲ್ಲರೂ ನನ್ನ ತಲೆಯಲ್ಲಿ ಏನೂ ಇಲ್ಲ ಅಂದ್ರಿ. ಇತ್ತು. ನೀವು ಅದನ್ನ ಮೇಜಿನ ಕಾಲಿಗೆ ಕೊಟ್ರಿ."

 ಸಿಟ್ಟಿನ ದಾಖಲೆ ಪುಸ್ತಕ ತೆಗೆದು ಅವನ ಮುಂದೆ ಹಿಡಿದಳು. "ಸಹಿ ಹಾಕಿ."

ಗಂಡ ಸಹಿ ಹಾಕಿದ. ಕಾರಣದ ಅಂಕಣದಲ್ಲಿ ಏನು ಬರೆಯಲಿ ಎಂದು ಕೇಳುವ ಧೈರ್ಯವಾಗದೆ, ತಾನೇ 'ಮೇಜು' ಎಂದು ಬರೆದ. ಆಮೇಲೆ ಮನೆಯಲ್ಲಿ ಸದ್ದಿರಲಿಲ್ಲ. ಆ ಸದ್ದಿಲ್ಲದ ಒಂದು ಗಂಟೆಯಲ್ಲಿ ಅಕ್ಕ ಹನ್ನೊಂದು ಪುಟ ಓದಿದಳು. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು.

ಒಂದು ಸಲ ದಾರಿ ಬಿಟ್ಟ ಮೇಲೆ ಒಳಗೆ ಕೂಡಿಟ್ಟಿದ್ದೆಲ್ಲ ಹೊರಟು ಬಂತು. ಅತ್ತೆಗೆ ಕನ್ನಡಕದ ದಾರ ಬಂತು, ಕುತ್ತಿಗೆಗೆ ಹಾಕಿಕೊಳ್ಳತಕ್ಕದ್ದೆಂಬ ಆದೇಶದೊಂದಿಗೆ. ಅಂಗಡಿಯ ಯಜಮಾನರು ಎರಡು ಸಹಿ ಹಾಕಿ ಮೂರನೆಯದಕ್ಕೆ ಕಾಯದೆ ಬೆನ್ನಿರುವ ಕುರ್ಚಿ ತರಿಸಿದರು. ಕನ್ನಡಕದ ಮೇಲೆ ಕೂತ ಗಿರಾಕಿಗಳು ತಾವೇ ಕೂತದ್ದೆಂದು ಒಪ್ಪಿಕೊಂಡು ಸರದಿಯಲ್ಲಿ ನಿಂತರು. ಡಿಸೆಂಬರಿನ ಹೊತ್ತಿಗೆ ದಿನಕ್ಕೆ ಹನ್ನೆರಡು ಸಲೀಸಾಗಿ ಆಗುತ್ತಿತ್ತು. ಒಂದು ಮಂಗಳವಾರ ಹತ್ತೊಂಬತ್ತಾಗಿ, ಹೆಚ್ಚುವರಿ ಏಳನ್ನು ಮುಂದಿನ ದಿನಕ್ಕೆ ವರ್ಗಾಯಿಸಲು ಅವಕಾಶವಿಲ್ಲವೆಂದು ಅಧೀಕ್ಷಕರು ಷರಾ ಬರೆದರು.

ಜನವರಿಯಿಂದ ಇಳಿಕೆ ಶುರುವಾಯಿತು. ಕಷ್ಟವಾಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಸಿಟ್ಟು ಬರಿಸುವ ಕೆಲಸವನ್ನು ಯಾರೂ ಮಾಡುತ್ತಿರಲಿಲ್ಲ. ಮಾರ್ಚ್ ಮೂವತ್ತೊಂದರ ಸಂಜೆ ಅವಳು ಹಾಲ್ ಟಿಕೆಟ್ಟಿಗೆಂದು ವಿಭಾಗಕ್ಕೆ ಹೋದಳು. ಟಿಕೆಟ್ಟು ಅವಳ ಫೋಟೋ ಸಮೇತ ಮೇಜಿನ ಮೇಲೇ ಇತ್ತು, ಹಾರದಿರಲೆಂದು ಅದರ ಮೇಲೆ ಒಂದು ಫುಟ್‌ಬಾಲು.

ಅಧೀಕ್ಷಕರು ಕೊನೆಯ ಪುಟ ನೋಡಿ ತಲೆಯಾಡಿಸಿದರು. "ಇವತ್ತು ಒಂದೇ ಸಿಟ್ಟು ಇದೆಯಲ್ಲಮ್ಮ."

"ಕಡಿಮೆ ಆದ್ರೆ ಒಳ್ಳೇದೇ ಅಲ್ವಾ ಸರ್?"

"ಗುರಿ ಎರಡು. ಒಂದಾದ್ರೆ ಗುರಿ ಮೀರಿದ ಹಾಗೆ. ಮೀರಿದವ್ರದ್ದು ಬೇರೆ ಕಡತ ಆಗ್ಬೇಕು. ಮುಂದಿನ ವರ್ಷ ನೋಡೋಣ."

"ನಂಗೆ ಮುಂದಿನ ವರ್ಷ ಇಲ್ಲ ಸರ್. ಇದೇ ಕೊನೇದು."

"ಪರವಾಗಿಲ್ಲ ಬಿಡಿ" ಅಂದರು ಅಧೀಕ್ಷಕರು.

ತನ್ನದೇ ಮಾತು ಇನ್ನೊಬ್ಬರ ಬಾಯಿಂದ ಹೇಗೆ ಕೇಳಿಸುತ್ತದೆಂದು ಅಕ್ಕನಿಗೆ ಆಗ ಗೊತ್ತಾಯಿತು. ಅವಳು ಕುರ್ಚಿ ಎಳೆದುಕೊಂಡು ಕೂತಳು.

"ಪರವಾಗಿದೆ ಸರ್. ತುಂಬಾ ಪರವಾಗಿದೆ. ನೀವು ಸೂಜಿ ಎಣಿಸಿದ್ರಿ, ಮನುಷ್ಯರನ್ನ ಬದಲಾಯಿಸಿದ್ರಿ. ಓದ್ತೀನಿ ಅಂತ ಬರೆದುಕೊಟ್ಟವಳಿಗೆ ಊರವರ ಹತ್ರ ಜಗಳ ಆಡಿ ಬಾ ಅಂದ್ರಿ. ಆಡಿದೆ. ಇನ್ನೂರು ಸಲ ನೋಡಿದ್ರಲ್ಲ ಈ ಪುಸ್ತಕನ, ಒಂದು ಸಲನಾದ್ರೂ ಇವಳು ಓದಿದಾಳಾ ಅಂತ ಕೇಳಿದ್ರಾ? ಆ ಚೆಂಡು ಎತ್ತಿ."

 ಅಕ್ಕ ಪುಸ್ತಕ ಮುಂದಿಟ್ಟಳು. "ಸಹಿ."

ಅಧೀಕ್ಷಕರು ಗಡಿಯಾರ ನೋಡಿ ವೇಳೆ ಬರೆದರು, ನಾಲ್ಕು ಹತ್ತು. ಕಾರಣದ ಅಂಕಣದಲ್ಲಿ 'ವಿಭಾಗ' ಎಂದು ಬರೆದು ಕೆಳಗೆ ಅಂದವಾಗಿ ಸಹಿ ಹಾಕಿದರು. "ಈಗ ಎರಡಾಯ್ತು. ಸ್ಪಷ್ಟವಾಗಿ ಬಂತಮ್ಮ, ಬಹಳ ಜನ ತೊದಲ್ತಾರೆ" ಎಂದು ಫುಟ್‌ಬಾಲು ಎತ್ತಿ ಟಿಕೆಟ್ಟು ಕೊಟ್ಟರು. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು.

ಟೈಮ್‌ಕೀಪರನಿಗೂ ಟಿಕೆಟ್ಟು ಸಿಕ್ಕಿತು. ವಾರ್ಷಿಕ ವರದಿಯಲ್ಲಿ ಇಬ್ಬರ ಫೋಟೋವೂ ಅಚ್ಚಾಯಿತು. ಅದಲು ಬದಲಾದ ಕಡತಗಳಲ್ಲಿ ಪ್ರಗತಿ ನೂರಕ್ಕೆ ನೂರು, ಸರಿಯಾಗಿದ್ದ ಕಡತಗಳಲ್ಲಿ ಹನ್ನೆರಡು ಮಾತ್ರ ಎಂದು ಕಂಡುಬಂದಿದ್ದರಿಂದ, ಬರುವ ವರ್ಷದಿಂದ ಗುಂಡುಸೂಜಿ ತಪಾಸಣೆಯನ್ನು ಎರಡು ಬಾರಿ ನಡೆಸಲು ತೀರ್ಮಾನಿಸಲಾಯಿತು. ವಿದ್ಯಾರ್ಥಿಗಳಿಂದ ಆಕ್ಷೇಪಣೆ ಬರಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಐದು ಗಂಟೆಗೆ ಅಕ್ಕ ಮೇಜಿಗೆ ಬಂದು ಕೂತಳು. ಮೇಜಿನ ಕಾಲಿಗೆ ಗಂಡ ತಾನೇ ಕೊಯ್ದು ತಂದ ಮರದ ತುಂಡು ಒತ್ತುಕೊಟ್ಟಿದ್ದ. ಎರಡೂ ಕಾಲಿಗೆ ಕಾಲುಚೀಲ ಹಾಕಿಕೊಂಡು ಬಾಗಿಲಲ್ಲಿ ಬಂದು ನಿಂತ. ಅವನ ಹಿಂದೆ ಅತ್ತೆ, ದಾರದ ಕನ್ನಡಕ ಮೂಗಿನ ಮೇಲೆ.

"ಇವತ್ತಿನ ಸಿಟ್ಟು ಎಷ್ಟು ಉಳಿದಿದೆ?" ಎಂದು ಅವನು ಮೆಲ್ಲಗೆ ಕೇಳಿದ.

"ಎರಡೂ ಹಾಗೇ ಇವೆ" ಅಂದಳು ಅಕ್ಕ, ಪುಟದಿಂದ ಕಣ್ಣೆತ್ತದೆ.

ಗಂಡ ಬಾಗಿಲು ಮುಂದಕ್ಕೆಳೆದುಕೊಂಡ. ಆಚೆ ತಾಯಿ ಮಗ ಇಬ್ಬರೂ ತುದಿಗಾಲಲ್ಲಿ ಕಾಫಿ ಮಾಡಿಕೊಳ್ಳಲು ಹೋದರು.