ಅಣ್ಣನ ಬಾಯಿಂದ ಒಂದು ‘ಬಾ’

ಹೊಸಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಕೊಟ್ರಯ್ಯನ ಕಷ್ಟವೆಲ್ಲ ಬಾಯಿರೂಢಿಯ ಒಂದು ಮಾತಿನಿಂದ ಬಂದದ್ದು. ಸಾವಾದ ಮನೆಗೆ ಹೋದವರನ್ನು ಯಾರೂ ‘ಬರ್ರಿ’ ಎನ್ನುವುದಿಲ್ಲ. ಅಲ್ಲಿಂದ ಏಳುವವರೂ ‘ಹೋಗಿ ಬರ್ತೀನಿ’ ಎನ್ನದೆ ಸುಮ್ಮನೆ ಎದ್ದು ಹೋಗುತ್ತಾರೆ. ಇದು ಸಣ್ಣ ಮಕ್ಕಳಿಗೂ ಗೊತ್ತಿರುವ ಸಂಗತಿ. ಆದರೆ ತಾಯಿ ತೀರಿಕೊಂಡಾಗ, ಕಂಪ್ಲಿಯ ಅಣ್ಣನ ಮನೆಯಿಂದ ಹೊರಡುತ್ತ ಕೊಟ್ರಯ್ಯ, ಅಂಗಡಿಯ ಬೀಗದ ಕೈ ಎಲ್ಲಿಟ್ಟೆನೆಂದು ಜೇಬು ತಡಕುತ್ತ, “ಅಣ್ಣಾ, ಹೋಗಿ ಬರ್ತೀನಿ” ಎಂದುಬಿಟ್ಟ.

ತಿಂಗಳು ತುಂಬುವುದರೊಳಗೆ ಅತ್ತಿಗೆ ಹೋದಳು. ಕೊಟ್ರಯ್ಯ ಹೇಳಿದ ಹಾಗೆಯೇ ಮತ್ತೆ ಸಾವಿನ ಮನೆಗೆ ಬಂದಿದ್ದ. ಅಂದಿನಿಂದ ಅಣ್ಣ ಮುರುಗಯ್ಯ ತಮ್ಮನನ್ನು ‘ಬಾ’ ಎಂದಿರಲಿಲ್ಲ. ಮದುವೆ ಮುಂಜಿಗಳಲ್ಲಿ ಎದುರಾದರೆ ಅವನ ನೋಟ ತಮ್ಮನ ತಲೆಯ ಮೇಲಿಂದ ಹಾದು ಗೋಡೆಯ ಕ್ಯಾಲೆಂಡರಿಗೆ ಹೋಗಿ ನಿಲ್ಲುತ್ತಿತ್ತು. ಕೊಟ್ರಯ್ಯ ದಿನವೂ ಲಿಂಗಪೂಜೆ ಮುಗಿಸಿ ಬೇಡಿಕೊಳ್ಳುತ್ತಿದ್ದುದು ಒಂದನ್ನೇ: ಅಣ್ಣ ಒಮ್ಮೆ ‘ಬಾ’ ಎನ್ನಲಿ.

ಹೀಗಿರುವಾಗ ಒಂದು ಬೆಳಿಗ್ಗೆ, ಕಂಪ್ಲಿಯಲ್ಲಿ ಅಣ್ಣನ ಪಕ್ಕದ ಮನೆಯಲ್ಲಿದ್ದ ಸಂಗಮ್ಮ ಫೋನ್ ಮಾಡಿದಳು.

“ಕೊಟ್ರಯ್ಯಾ, ನಿಮ್ಮಣ್ಣಗ ಎದಿನೋವು ಬಂದೈತಿ. ಬಳ್ಳಾರಿ ಡಾಕ್ಟ್ರು ಕೈಚೆಲ್ಲಿ ಮನೀಗೆ ಕಳಿಸ್ಯಾರ. ನನ್ನ ತಮ್ಮನ್ನ ಕರಸು ಅಂತ ತಾನ ಬಾಯಿಬಿಟ್ಟು ಅಂದಾನ. ಜಲ್ದಿ ಹೊಂಡು.”

ಕೊಟ್ರಯ್ಯನಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ಬಸ್‌ ನಿಲ್ದಾಣಕ್ಕೆ ಓಡಿದರೆ ಬಸ್ಸಿಲ್ಲ. ಗಣಿಗಳಿಂದ ಚೀನಾಕ್ಕೆ ಮಣ್ಣು ಹೋಗುತ್ತಿದ್ದ ಕಾಲ ಅದು. ಊರ ಹೊರಗೆ ಅದಿರು ತುಂಬಿದ ಟಿಪ್ಪರೊಂದು ಅಡ್ಡ ಮಲಗಿ, ಹಿಂದೆ ನಿಂತ ಗಾಡಿಗಳ ಸಾಲು ಊರೊಳಗೆ ಬಂದಿತ್ತು. ಕೊಟ್ರಯ್ಯ ಸೋತ ಮುಖ ಹೊತ್ತು ಮನೆಗೆ ಮರಳಿದ.

“ಮ್ಯಾಲಿನ ಸಾಹೇಬ್ರದು ಜೀಪ್ ಐತಲ್ರಿ” ಎಂದಳು ಹೆಂಡತಿ ಕೊಟ್ರಬಸಮ್ಮ.

ಮಹಡಿಯ ಬಾಡಿಗೆದಾರ ಯೋಸೆಫ್, ಆಸ್ಟ್ರಿಯಾ ದೇಶದವನು. ಸಂಡೂರಿನ ಗಣಿಯೊಂದರಲ್ಲಿ ಕಲ್ಲು ಪುಡಿಮಾಡುವ ಯಂತ್ರ ಕೂಡಿಸಲು ಬಂದಿದ್ದ. ಓಣಿಯವರು ಅವನನ್ನು ಜೋಸಪ್ಪ ಮಾಡಿಕೊಂಡಿದ್ದರು. ಟಿಪ್ಪರ್ ಡ್ರೈವರುಗಳಿಂದ ಕನ್ನಡ ಕಲಿತದ್ದರಿಂದ, ಯಾರನ್ನೇ ಆಗಲಿ ಅವನು ಬಹಳ ಪ್ರೀತಿಯಿಂದ ‘ಲೇ’ ಎನ್ನುತ್ತಿದ್ದ.

“ಹತ್ತು ಲೇ ಅಣ್ಣ” ಎಂದು ಅವನು ಕೂಡಲೇ ಜೀಪು ತೆಗೆದ. ಕಾಲುವೆಯ ಏರಿ ಹಿಡಿದು ಕಮಲಾಪುರ ದಾಟಿದರು. ದಾರಿಯಲ್ಲಿ ಕೊಟ್ರಯ್ಯ ತನ್ನ ಕತೆ ಹೇಳಿದ.

ಜೋಸಪ್ಪ ತಲೆ ಅಲ್ಲಾಡಿಸಿದ. “ಮಾತಿನಿಂದ ಮನುಷ್ಯ ಸಾಯಲ್ಲ. ಮಾತು ಗಾಳಿ. ನಿಮ್ ಊರಾಗ ಒಬ್ಬ ಶರಣು ಅಂತಾನ, ಒಬ್ಬ ಸಲಾಂ, ಒಬ್ಬ ಜೈ ಭೀಮ್. ಬಾಯಿ ತೆಗದ್ರ ನೀ ಯಾರು ಅಂತ ಗೊತ್ತಾಗತೈತಿ. ಯಾಕ ಬೇಕು? ಸುಮ್ನ ತಲಿ ಆಡಿಸಿದ್ರ ಸಾಕು.”

“ನಿಮ್ಮೂರಾಗ ಏನಂತಾರ್ರಿ?”

“ನಮ್ದು ಗುಡ್ಡದ ಊರು. ದೇವರು ನಿನಗ ನಮಸ್ಕಾರ ಮಾಡ್ಲಿ, ಅಂತಾರ.”

ಕೊಟ್ರಯ್ಯ ಬೆರಗಾದ. “ದೇವರ ಕಡಿಂದಾನ ನಮಸ್ಕಾರ ಮಾಡಸ್ತೀರಿ? ಭಾಳ ದೊಡ್ಡ ಮಂದಿ ಬಿಡ್ರಿ.”

“ನಾ ಅನ್ನಲ್ಲ. ಹೆಂಡ್ತಿ ಸತ್ಲು. ಆವತ್ತಿಂದ ಬಿಟ್ಟೆ. ನಂಬಿಕಿ ಇಲ್ಲ, ಮಾತು ಯಾಕ?”

“ಮತ್ತ ಊರೋರು?”

“ಊರು ನನ್ನ ಬಿಡ್ತು” ಎಂದ ಜೋಸಪ್ಪ. ಗೇರು ಬದಲಿಸಿದ. “ಚರ್ಚಿಗೆ ಹೋಗದಿದ್ರ ಬೈಲಿಲ್ಲ. ಆ ಮಾತು ಬಿಟ್ಟೆ ಅಂತ, ನಮ್ಮವನಲ್ಲ ಅಂದ್ರು.”

ಕೊಟ್ರಯ್ಯನಿಗೆ ಕನಿಕರವಾಯಿತು. “ಶರಣು ಅಂದ್ರ ನಿಮ್ಮೊಳಗಿರೋ ಶಿವಗ ಅಂದಂಗರಿ ಸಾಹೇಬ್ರ. ನೀವು ನಂಬಿದ್ರೇನು ಬಿಟ್ರೇನು, ಅವಂಗೇನೂ ಬ್ಯಾಸರಿಲ್ಲ.”

ಜೋಸಪ್ಪ ಜೀಪಿನ ವೇಗ ಹೆಚ್ಚಿಸಿದ. ಕಬ್ಬಿನ ಗದ್ದೆಗಳು ಎರಡೂ ಕಡೆ ಕೆಂಧೂಳು ಹೊತ್ತು ನಿಂತಿದ್ದವು.

ಜೀಪು ಅಣ್ಣನ ಮನೆಯ ಮುಂದೆ ನಿಂತಿತು. ಕಟ್ಟೆಯ ತುಂಬ ಜನ ಕುಳಿತಿದ್ದರು. ಕೊಟ್ರಯ್ಯ ಇಳಿದ. ಯಾರೂ ‘ಬಾ’ ಎನ್ನಲಿಲ್ಲ. ಎದುರುಮನೆಯ ಕಾಳಪ್ಪ ನೆಲ ನೋಡಿದ. ಸಂಗಮ್ಮ ಸೆರಗಿನ ಚುಂಗನ್ನು ಬಾಯಿಗೆ ಒತ್ತಿ ಹಿಡಿದು ಮುಖ ತಿರುವಿದಳು. ‘ಯಾವಾಗ ಹೊಂಟಿ, ಉಂಡಿಯೇನು, ಕುಂದ್ರು’ ಎಂಬ ಮಾತುಗಳಲ್ಲಿ ಒಂದೂ ಬರಲಿಲ್ಲ.

ಬಂದವರಿಗೆ ‘ಬಾ’ ಎನ್ನದ ಮನೆ ಯಾವುದೆಂದು ಕೊಟ್ರಯ್ಯನಿಗಿಂತ ಚೆನ್ನಾಗಿ ಬಲ್ಲವರು ಯಾರು?

“ಅಯ್ಯೋ ಅಣ್ಣಾ! ಕರದು ಕರದು, ನಾ ಬರೂದ್ರಾಗ ಹ್ವಾದೇನೋ!” ಎಂದು ಹೊಸ್ತಿಲ ಹೊರಗೇ ಕುಸಿದು ಹಣೆ ಬಡಿದುಕೊಂಡ. “ನನ್ನನ್ನ ಹೆಗಲ ಮ್ಯಾಲೆ ಕುಂದ್ರಿಸ್ಕೊಂಡು ಹೊಳಿ ತೋರಿಸಿದ್ಯಲ್ಲೋ! ಒಂದು ಮಾತಿಗೆ ಇಷ್ಟು ವರ್ಷ ಮುಖ ತಿರುವಿದ್ಯಲ್ಲೋ, ಕಲ್ಲಿನಂಥ ಮನಸ್ಸೋ ನಿಂದು! ಹಟಮಾರಿ ಅಣ್ಣಾ!”

ಕಟ್ಟೆಯವರು ಗಾಬರಿಯಾಗಿ ಒಬ್ಬರ ಮುಖ ಒಬ್ಬರು ನೋಡಿದರು. ಬಾಗಿಲಿಗೆ ಹತ್ತಿರ ಇರುವವನು ಹೀಗೆ ಅಳುತ್ತಾನೆಂದರೆ ಒಳಗೆ ಏನೋ ಕಂಡೇ ಅಳುತ್ತಿದ್ದಾನೆ ಎಂದು ತಿಳಿದರು. ಸಂಗಮ್ಮ ಬಾಯಿಂದ ಸೆರಗು ತೆಗೆದು, “ಈಗರ ಗಂಜಿ ಕುಡಿದಿದ್ನಲ್ರೇ ಯವ್ವಾ!” ಎಂದು ದನಿ ಎತ್ತಿದಳು. ಹೆಂಗಸರೆಲ್ಲ ಸೇರಿಕೊಂಡರು. ಜೋಸಪ್ಪ ಟೋಪಿ ತೆಗೆದು ಎದೆಗಿಟ್ಟುಕೊಂಡು ಕಂಬದಂತೆ ನಿಂತ. ಹೆಣವನ್ನು ಗೋಡೆಗೆ ಆನಿಸಿ ಕೂಡಿಸಲು ಹಲಗೆ ಬೇಕೆಂದು ಕಾಳಪ್ಪ ಓಡಿದ. ಭಜನೆಯವರ ಮನೆ ಹಿಂದಿನ ಓಣಿಯಲ್ಲೇ ಇತ್ತು. ಹಲಗೆ ಬರುವ ಮುಂಚೆ ತಾಳ ಬಂತು.

ಆ ತಾಳದ ಸದ್ದಿಗೆ ಬಾಗಿಲಲ್ಲಿ ಮುರುಗಯ್ಯ ಕಾಣಿಸಿಕೊಂಡ. ಹೆಗಲ ಮೇಲೆ ಟವೆಲು, ಕಣ್ಣಲ್ಲಿ ಮಾತ್ರೆಯ ನಿದ್ದೆ.

“ಯಾರ್ಲೇ ಸತ್ತೋರು?” ಎಂದು ಕೇಳಿದ.

ಅಳು ನಡುವೆಯೇ ನಿಂತಿತು. ತಾಳ ಮಾತ್ರ ಅಭ್ಯಾಸಬಲದಿಂದ ಇನ್ನೆರಡು ಸಲ ಬಡಿಯಿತು.

ಸಂಗಮ್ಮ ಮೊದಲು ಚೇತರಿಸಿಕೊಂಡಳು. “ಲೇ ಕೊಟ್ರಯ್ಯಾ, ನಿನ್ನ ಬುದ್ಧೀಗಿಷ್ಟು! ‘ನನ್ನ ತಮ್ಮ ಬಂದ್ರ ಯಾರೂ ಬಾ ಅನ್ನಬ್ಯಾಡ್ರಿ, ಮೊದಲ ನಾನ ಅನ್ನಬೇಕು’ ಅಂತ ಹೇಳಿ ನಿಮ್ಮಣ್ಣ ಒಳಗ ಒರಗಿದ್ದ. ಅದಕ್ಕ ಬಾಯಿಗೆ ಸೆರಗು ತುರುಕ್ಕೊಂಡು ಕುಂತಿದ್ದೆ. ನೀ ನೋಡಿದ್ರ ಅವನ್ನ ಮಣ್ಣಿಗೇ ಕಳಿಸಿದಿ!”

ಕೊಟ್ರಯ್ಯ ತೆವಳುತ್ತ ಹೋಗಿ ಅಣ್ಣನ ಕಾಲು ಹಿಡಿದ. “ತಪ್ಪಾತಣ್ಣಾ. ನೀ ಇದ್ದಿಯಲ್ಲ, ಅಷ್ಟ ಸಾಕು.”

ಮುರುಗಯ್ಯನ ತುಟಿ ಅಲುಗಿತು. ಓಣಿಯೆಲ್ಲ ಉಸಿರು ಹಿಡಿಯಿತು. ಆಗ ಹಲಗೆ ಹೊತ್ತು ಬಂದ ಕಾಳಪ್ಪ ಅದನ್ನು ಗೋಡೆಗೆ ಒರಗಿಸಿ ಎದೆ ತುಂಬಿ ನುಡಿದ: “ಒಳ್ಳೇದ ಆತು ಬಿಡ್ರಿ! ಬದುಕಿದೋರ್ನ ಸತ್ರು ಅಂತ ಅತ್ರ ಆಯುಷ್ಯ ಹೆಚ್ಚತೈತಿ. ಇನ್ನ ಮುರುಗಯ್ಯಜ್ಜಗ ಹತ್ತಿಪ್ಪತ್ತು ವರ್ಷ ಏನೂ ಆಗಂಗಿಲ್ಲ.”

ಮುರುಗಯ್ಯ ತುಟಿ ಮುಚ್ಚಿದ. ಎದೆಯ ಮೇಲೆ ಕೈ ಆಡಿಸಿ ನೋಡಿದ. ನೋವಿರಲಿಲ್ಲ. ಅವನ ನೋಟ ತಮ್ಮನ ತಲೆಯ ಮೇಲಿಂದ ಹಾದು ಜೋಸಪ್ಪನ ಮೇಲೆ ನಿಂತಿತು.

“ಬರ್ರಿ ಸಾಹೇಬ್ರ. ಒಳಗ ಕುಂದ್ರಿ, ಚಾ ಕುಡೀರಿ.”

ಜೋಸಪ್ಪ ಕದಲಲಿಲ್ಲ. “ಇವಂಗೂ ಬಾ ಅನ್ನು ಲೇ ಅಣ್ಣ. ಬರೇ ಒಂದು ಮಾತು.”

“ಬರೇ ಮಾತಾಗಿದ್ರ ಎಂದೋ ಅಂದು ಒಗೀತಿದ್ದೆ” ಎಂದ ಮುರುಗಯ್ಯ. “ಇವತ್ತೋ ನಾಳಿಗೋ ಹೋಗ್ತೀನಿ, ಆ ಮಾತು ಅಂದು ಹೋಗೂಣು ಅಂತ ಮನಸ್ಸು ಗಟ್ಟಿ ಮಾಡಿದ್ದೆ. ಈಗ ಆಯುಷ್ಯ ಬಂದೈತಿ. ಇನ್ನೇನು ಅವಸರ? ಕಲ್ಲಿನ ಮನಸ್ಸು ನಂದು. ಕರಗಾಕ ಟೈಮ್ ಬೇಕು.”

“ಹೋಗ್ರಿ ಸಾಹೇಬ್ರ” ಎಂದ ಕೊಟ್ರಯ್ಯ ಮೆಲ್ಲಗೆ. “ಕರದಾಗ ಹೋಗಬೇಕು.”

ಜೋಸಪ್ಪ ಬೂಟು ಬಿಚ್ಚಿ, ತಲೆ ಬಗ್ಗಿಸಿ ಒಳಗೆ ಹೋದ. ಬಾಗಿಲು ಮುಚ್ಚಿಕೊಂಡಿತು. ಭಜನೆಯವರು ತಾಳ ಕಟ್ಟಿಕೊಂಡು ಹೋದರು.

ಕೊಟ್ರಯ್ಯ ಕಟ್ಟೆಯ ತುದಿಯಲ್ಲಿ ಕುಳಿತು ಎದೆಯ ಲಿಂಗದ ಮೇಲೆ ಕೈಯಿಟ್ಟ. ಅಣ್ಣ ನೂರು ವರ್ಷ ಬಾಳಲಿ ಎಂದು ಬೇಡಲು ಹೋದ, ನಾಲಿಗೆ ತಡವರಿಸಿತು. ಬೇರೆ ಏನನ್ನು ಬೇಡಬೇಕೋ ತಿಳಿಯಲಿಲ್ಲ. ಕೈ ಹಾಗೆಯೇ ಇತ್ತು.

ಸಂಗಮ್ಮ ಒಂದು ಚೊಂಬು ನೀರು ತಂದು ಅವನ ಮುಂದಿಟ್ಟಳು. ನಿಟ್ಟುಸಿರು ಬಿಟ್ಟು ಬೆನ್ನು ಸವರಿದಳು.

“ಅಳಬ್ಯಾಡ ತಮ್ಮಾ. ಶಿವ ದೊಡ್ಡಾವ. ಅವ ಕಣ್ಣುಬಿಟ್ರ ನಿಮ್ಮಣ್ಣಗ ಮತ್ತ ಎದಿನೋವು ಬರತೈತಿ.”