ಕಾಕಾರ ಸೈಕಲ್ಲಿನ ಬಲಮಗ್ಗುಲು

ನಮ್ಮ ಕಾಕಾ ಜೀವಮಾನದಲ್ಲಿ ಒಂದು ಇರುವೆಯನ್ನೂ ಬೇಕೆಂದು ತುಳಿದವರಲ್ಲ. ಆದರೆ ಅವರ ಸೈಕಲ್ಲನ್ನು ಗೋಡೆಗೆ ಬಲಮಗ್ಗುಲಾಗಿ ಒರಗಿಸಿದವರನ್ನು ಅವರು ಏನು ಮಾಡಿಯಾರು ಎಂಬ ವಿಷಯದಲ್ಲಿ ಮಾತ್ರ ನನಗೆ ಅಷ್ಟು ಭರವಸೆ ಇರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಆ ಪ್ರಯೋಗಕ್ಕೆ ಇಳಿಯಲಿಲ್ಲ ಎನ್ನಿ.

ಕಾಕಾ ಎಂದರೆ ನನ್ನ ಯಜಮಾನರ ಚಿಕ್ಕಪ್ಪ. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕಣ್ಣಳತೆಯಲ್ಲಿ ಬೆಳೆದ ನಾನು ಕೊಣ್ಣೂರಿನ ಈ ಜೈನರ ದೊಡ್ಡ ಮನೆಗೆ ಸೊಸೆಯಾಗಿ ಬಂದಾಗಲೇ ಅವರು ಅರಿವೆ ಅಂಗಡಿಯನ್ನು ಅಣ್ಣನ ಮಗನಿಗೆ ಒಪ್ಪಿಸಿ ಕೈ ತೊಳೆದುಕೊಂಡಿದ್ದರು. ಸಣಕಲು ಮೈ, ಬಿಳಿ ಟೊಪ್ಪಿಗೆ, ಮಡಚಿ ಕಟ್ಟಿದ ಧೋತರ. ಹರೆಯದಲ್ಲಿ ಮಲ್ಲಕಂಬ ಹತ್ತಿದ ದೇಹವಾದ್ದರಿಂದ ಐವತ್ತು ದಾಟಿದ ಮೇಲೂ ಅವರ ಕಾಲುಗಳು ಸುಮ್ಮನೆ ಕೂಡುತ್ತಿರಲಿಲ್ಲ. ಕುರ್ಚಿಯಲ್ಲಿ ಕುಳಿತರೂ ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ಮುಂದೆ ಏನೋ ಹಾರುವುದಿದೆ ಎಂಬಂತೆ ಸದಾ ತುದಿಗಾಲು.

ಹಾರುವುದಕ್ಕೆ ಏನೋ ಒಂದು ಪುಣೆಯಿಂದ ಬಂದೇ ಬಂತು. ಆಗ ಸಾವಿರದ ಒಂಬೈನೂರರ ಇಸವಿಗಳು ಮುಗಿದು ಎರಡು ಸಾವಿರದ ಇಸವಿ ಹೊಸದಾಗಿ ಬಂದಿತ್ತು. ಕಾಕಾರ ಅಕ್ಕನ ಮಗ ಪುಣೆಯಲ್ಲಿ ಬಂಡೆಯಿಂದ ಬಂಡೆಗೆ ಸೈಕಲ್ಲಿನ ಮೇಲೇ ಜಿಗಿಯುವ ಆಟ ಆಡುತ್ತಿದ್ದ. ಆ ಆಟಕ್ಕೆಂದೇ ಮಾಡಿದ ಟ್ರಯಲ್ಸ್ ಸೈಕಲ್ಲೊಂದು ಅವನ ಹತ್ತಿರ ಇತ್ತು. ಮೋಟಾರ್‌ಸೈಕಲ್ ಕೊಂಡ ಮೇಲೆ ಅವನಿಗೆ ಜಿಗಿಯುವ ಹಂಬಲ ಹೋಯಿತು. "ಮಾಮಾ, ನಿಮಗ ಬೇಕೇನು?" ಎಂದು ಕೇಳಿದ್ದೇ ತಡ, ಕಾಕಾ ಬಸ್ಸು ಹತ್ತಿದರು.

ಆ ಸೈಕಲ್ಲಿಗೆ ಬೆಲ್ ಇರಲಿಲ್ಲ, ಸ್ಟ್ಯಾಂಡ್ ಇರಲಿಲ್ಲ, ಕ್ಯಾರಿಯರ್ ಇರಲಿಲ್ಲ. ಸೀಟು ಇತ್ತು, ಆದರೆ ನಮ್ಮ ಅಡುಗೆಮನೆಯ ಮಣೆಗಿಂತ ತುಸು ಎತ್ತರ, ಅಷ್ಟೇ. ಇದ್ದದ್ದೆಲ್ಲ ಹಿಂದಿನ ಗಾಲಿಯ ಬಲಬದಿಯಲ್ಲಿ: ಗೇರು ಬದಲಿಸಿದಾಗ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ, ಕೆಳಗೆ ಜೋತುಬಿದ್ದ ಒಂದು ಸಲಕರಣೆ. ಡಿರೇಲರ್ ಎಂದು ಅದರ ಹೆಸರು. ಕಾಕಾ ಅದನ್ನು 'ಗೊಂಚಲು' ಎನ್ನುತ್ತಿದ್ದರು. ಗೊಂಚಲು ತೂಗುವುದು ಹ್ಯಾಂಗರ್ ಎಂಬ ಒಂದು ಸಣ್ಣ ತುಣುಕಿನಿಂದ. ಅದು ನೋಡಲು ಕಿವಿಯ ಹಾಗಿದ್ದರಿಂದ 'ಕಿವಿ'.

ಅಕ್ಕನ ಮಗ ಕಳಿಸುವಾಗ ಹೇಳಿದ್ದನಂತೆ: "ಮಾಮಾ, ಬಲಕ್ಕ ಬೀಳಸಬ್ಯಾಡ್ರಿ. ಬಿದ್ರ ಕಿವಿ ಸೊಟ್ಟ ಆಕ್ಕೈತಿ, ಗೊಂಚಲ ಗಾಲ್ಯಾಗ ಸಿಗತೈತಿ. ಈ ಕಿವಿ ಮಾಡೂದು ಬಿಟ್ಟಾರ, ಎಲ್ಲೂ ಸಿಗಂಗಿಲ್ಲ. ಕಿವಿ ಹೋತಂದ್ರ ಸೈಕಲ್ ಹೋದಂಗ."

ಆ ಮಾತು ಕಾಕಾರ ತಲೆಯೊಳಗೆ ಎಷ್ಟು ಆಳಕ್ಕೆ ಇಳಿಯಿತೆಂದರೆ, ಅವರು ಪುಣೆಯಲ್ಲೇ ಪಾನಾ ತೆಗೆದುಕೊಂಡು ಕಿವಿ, ಗೊಂಚಲು ಎರಡನ್ನೂ ಬಿಚ್ಚಿ, ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಉಳಿದ ಸೈಕಲ್ಲು ಬಸ್ಸಿನ ಮಾಡಿನ ಮೇಲೆ ಬದನೆಕಾಯಿ ಬುಟ್ಟಿಗಳ ಜೊತೆ ಬಂತು. ಹುಕ್ಕೇರಿಯಲ್ಲಿ ಬಸ್ಸು ಬದಲಿಸಿ ಕುಳಿತಿದ್ದಾರೆ. ಬೆಲ್ಲದ ಬಾಗೇವಾಡಿಯಲ್ಲಿ ಒಬ್ಬ ಅಜ್ಜಿ ಹತ್ತಿ ಬಾಜೂಕ್ಕೆ ಕುಳಿತಳು. ಬಸ್ಸು ತಗ್ಗಿಗೆ ಇಳಿದಾಗಲೆಲ್ಲ ಕಾಕಾ ಟವೆಲನ್ನು ಎದೆಗೆ ಒತ್ತಿಕೊಳ್ಳುವುದನ್ನು ನೋಡಿ ಅಜ್ಜಿಗೆ ಕರುಳು ಚುರ್ ಎಂದಿರಬೇಕು.

"ಎಷ್ಟ ತಿಂಗಳದ್ರಿ ಕೂಸು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಟವೆಲಿನ ಅಂಚು ಸರಿಸಿದಳು. ಒಳಗೆ ಕಪ್ಪಗೆ, ಎಲುಬು ಎಲುಬಾಗಿ ಗೊಂಚಲು.

"ಅಯ್ಯ, ಹೊಟ್ಟಿಗೇನೂ ಹಾಕಂಗಿಲ್ಲೇನ್ರಿ ಇದಕ್ಕ?"

ಕಾಕಾ ಸುಳ್ಳು ಹೇಳುವವರಲ್ಲ. "ಎಣ್ಣಿ ಹಾಕ್ತೇವ್ರಿ" ಎಂದರಂತೆ.

ಮನೆಗೆ ಬಂದು ಎಲ್ಲವನ್ನೂ ಜೋಡಿಸಿದ ದಿನವೇ ಕಾನೂನು ಜಾರಿಯಾಯಿತು. ಸೈಕಲ್ಲು ಒರಗಿದರೆ ಎಡಕ್ಕೆ, ಮಲಗಿದರೆ ಎಡಕ್ಕೆ. ತರಕಾರಿ ಮಾರುವವಳು ಬಾಗಿಲಿಗೆ ಬುಟ್ಟಿ ಇಳಿಸುವ ಮುಂಚೆ "ಯಾವ ಬಾಜೂರಿ?" ಎಂದು ಕೇಳುತ್ತಿದ್ದಳು. ನನ್ನ ಯಜಮಾನರು ಸೈಕಲ್ಲಿನ ಬಲಕ್ಕೆ ಹಾಯುವಾಗ ಬಸದಿಯಲ್ಲಿ ನಡೆದಂತೆ ಕೈ ಕಟ್ಟಿಕೊಂಡು ನಡೆಯುತ್ತಿದ್ದರು. ನನ್ನ ಬಗ್ಗೆ ಹೇಳುವುದಾದರೆ, ಇಸ್ತ್ರಿ ಪೆಟ್ಟಿಗೆಯನ್ನೂ ಎಡಮಗ್ಗುಲಾಗಿ ಮಲಗಿಸಲು ಕಲಿತಿದ್ದೆ. ಚಳಿಗಾಲ ಬಂದಾಗ ಗೊಂಚಲಿನ ಎಣ್ಣೆ ಗಟ್ಟಿಯಾಗುತ್ತದೆ ಎಂದು ಕಾಕಾ ತಾವು ಹೊದೆಯುತ್ತಿದ್ದ ಕೌದಿಯನ್ನೇ ತಂದು ಸೈಕಲ್ಲಿಗೆ ಹೊದಿಸಿದರು. ಅದು ಕಾಕಿ, ಅಂದರೆ ಅವರ ಹೆಂಡತಿ, ತಮ್ಮ ಹಳೆಯ ಇಳಕಲ್ ಸೀರೆಗಳನ್ನು ಕತ್ತರಿಸಿ ಗಂಡನಿಗೆಂದು ಹೊಲಿದ ಕೌದಿ.

ಕಾಕಿ ಸೊಂಟದ ಮೇಲೆ ಕೈ ಇಟ್ಟು ನೋಡಿದರು. "ಸವತಿಗೆ ಹೊಚ್ಚಾಕ ನಾನ ಹೊಲದ ಕೊಟ್ಟಂಗಾತು."

"ಸವತಿ ಅಲ್ಲ, ಕೂಸು" ಎಂದರು ಕಾಕಾ. "ಬಸ್ಸಿನ್ಯಾಗ ಅಜ್ಜಿನೂ ಹಂಗ ಅಂದಾಳ."

ಇಷ್ಟೆಲ್ಲ ಮಾಡಿ ಆ ಸೈಕಲ್ಲಿನಿಂದ ಕಾಕಾ ಹಾರುತ್ತಿದ್ದದ್ದಾದರೂ ಏನನ್ನು? ಬಂಡೆಗಳನ್ನಲ್ಲ. ಇರುವೆ ಸಾಲುಗಳನ್ನು! ಮಳೆ ಬಿದ್ದು ಬಿಟ್ಟ ಮರುದಿನ ನಮ್ಮ ಮನೆಯಿಂದ ಬಸದಿಯವರೆಗಿನ ಹಾದಿಯುದ್ದಕ್ಕೂ ಇರುವೆಗಳ ಸಾಲು. ನಡೆಯುವಾಗ ನೆಲ ನೋಡಿಕೊಂಡು ದಾಟಬಹುದು, ಸೈಕಲ್ಲಿನ ಗಾಲಿಗೆ ಕಣ್ಣಿಲ್ಲವಲ್ಲ? ಅದಕ್ಕೆ ಕಾಕಾ ಸಾಲಿನ ಮುಂದೆ ಬ್ರೇಕ್ ಹಿಡಿದು, ಪೆಡಲಿನ ಮೇಲೆ ಎದ್ದು ನಿಂತು, ಮೊದಲು ಮುಂದಿನ ಗಾಲಿ, ಆಮೇಲೆ ಹಿಂದಿನ ಗಾಲಿ ಎತ್ತಿ ಟಣ್ ಎಂದು ಆಚೆಗೆ ಜಿಗಿಯುತ್ತಿದ್ದರು. ಮಲ್ಲಕಂಬದ ಕಾಲುಗಳಿಗೆ ಕಡೆಗೂ ಒಂದು ಕೆಲಸ ಸಿಕ್ಕಿತ್ತು.

ಎದುರುಮನೆಯ ಗೌಡರು ಕಟ್ಟೆಯ ಮೇಲೆ ಕುಳಿತು ಕೇಳಿದರು: "ಕಾಕಾರ, ಹಾರಿ ಇಳಿಯೂ ಜಾಗಾದಾಗನೂ ಇರಿಬಿ ಇದ್ರ?"

"ಅದಕ್ಕ ಮೊದಲ ಇಳದು, ಆಚೆ ಹೋಗಿ ನೋಡಿ ಬರ್ತೀನ್ರಿ."

"ಹೆಂಗೂ ಇಳದು ಆಚೆ ಹೋಗಿರ್ತೀರಿ. ಸೈಕಲ್ ಎತ್ತಿಕೊಂಡ ಹೋದ್ರ ಆಗಂಗಿಲ್ಲೇನು?"

ಕಾಕಾ ಅವರನ್ನು ಮರುಕದಿಂದ ನೋಡಿದರು. "ಹಂಗಾದ್ರ ಸೈಕಲ್ ಯಾಕ ತಂದೇರಿ?"

ಹಾರಾಟ ಹೆಚ್ಚಿದಂತೆ ಕಿವಿಯ ಚಿಂತೆಯೂ ಹೆಚ್ಚಿತು. ಒಂದು ಸಲ ಗೊಂಚಲು ಹಾದಿಬದಿಯ ಕಲ್ಲಿಗೆ ಸವರಿಕೊಂಡು ಹೋಯಿತು. ಕಾಕಾ ಆ ದಿನ ಸೂರ್ಯ ಮುಳುಗುವ ಮುಂಚಿನ ಊಟಕ್ಕೂ ಏಳಲಿಲ್ಲ. ಗಾಲಿಯ ಹಿಂದೆ ಕುಕ್ಕುರುಗಾಲಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ, ಗೊಂಚಲು ನೆಟ್ಟಗಿದೆಯೇ ಎಂದು ನೋಡುತ್ತಲೇ ಇದ್ದರು. ನೆಟ್ಟಗಿತ್ತು. ಆದರೆ ಮರುದಿನದಿಂದ ಅದಕ್ಕೊಂದು ಕವಚ ಹುಡುಕುವ ಕೆಲಸ ಶುರುವಾಯಿತು.

ಮೊದಲು ಮಾಯವಾದದ್ದು ನನ್ನ ಚಹಾ ಸೋಸುವ ಸ್ಟೀಲಿನ ಜಾಲರಿ. ಅದು ಒಂದೇ ಜಿಗಿತಕ್ಕೆ ಚಪ್ಪಟೆಯಾಗಿ ನನಗೇ ವಾಪಸು ಬಂತು. ಆಮೇಲೆ ತೆಂಗಿನ ಕರಟ. ಆಮೇಲೆ, ರಾಶಿ ಮಾಡುವಾಗ ಎತ್ತಿನ ಬಾಯಿಗೆ ಕಟ್ಟುವ ಹಗ್ಗದ ಬುಟ್ಟಿ. ಅದನ್ನು ಕಟ್ಟಿಕೊಂಡು ಕಾಕಿಯ ತವರು ಮೂಡಲಗಿಗೆ ಹೋದಾಗ ಕಾಕಿಯ ತಮ್ಮ ಸೈಕಲ್ಲಿಗೆ ಒಂದು ಸುತ್ತು ಬಂದು, "ಮಾವಾರ, ಕಚ್ಚತೈತೇನ್ರಿ?" ಎಂದು ಕೇಳಿದರಂತೆ. ಕಾಕಾ ಬುಟ್ಟಿಯನ್ನು ಅಲ್ಲೇ ಬಿಚ್ಚಿ ಹಾಕಿದರು.

ಘೋಡಗೇರಿಯಲ್ಲಿ ನಮ್ಮ ಹೊಲವಿದೆ. ಅಲ್ಲಿಯ ಕಮ್ಮಾರನ ಹತ್ತಿರ ಕಾಕಾ, ಮುಂದಕ್ಕೆ ಬೇಕಾದೀತು ಎಂದು, ಇಂಥದೇ ಇನ್ನೊಂದು ಕಿವಿ ಮಾಡಿಕೊಡು ಎಂದರು. ಅವನು ಬೆರಳಲ್ಲಿ ತಟ್ಟಿ ನೋಡಿ ನಕ್ಕ. "ಇದ ಅಲ್ಯೂಮಿನಿಯಂ ರೀ, ನನ್ನ ಭಟ್ಟ್ಯಾಗ ಹಾಕಿದ್ರ ಪಾಯಸ ಆಕ್ಕೈತಿ." ಅದರ ಬದಲು ನೇಗಿಲ ಕುಳದ ತುಂಡು ಬಡಿದು ಒಂದು ಭರ್ಜರಿ ಕವಚ ಮಾಡಿಕೊಟ್ಟ. ಆನೆ ತುಳಿದರೂ ಕಿವಿಗೆ ಏನೂ ಆಗುವಂತಿರಲಿಲ್ಲ. ಒಂದೇ ತೊಂದರೆ: ಅದನ್ನು ಹಾಕಿದ ಮೇಲೆ ಹಿಂದಿನ ಗಾಲಿ ನೆಲ ಬಿಡಲಿಲ್ಲ. ಕಾಕಾ ಉಸಿರು ಬಿಗಿಹಿಡಿದು ಜಿಗಿದರು. ಟೊಪ್ಪಿಗೆ ಮಾತ್ರ ಹಾರಿತು.

ಕಡೆಗೆ ಉಪಾಯ ಹೊಳೆದದ್ದು ಗೋಕಾಕದ ಪೇಟೆಯಲ್ಲಿ. ಗೋಕಾಕದ ಕಟ್ಟಿಗೆಯ ಹಣ್ಣುಗಳನ್ನು ನೀವು ನೋಡಿರಬೇಕು. ಮಾವು, ಸೀತಾಫಲ, ಬಾಳೆ. ಹೂವಿನಷ್ಟು ಹಗುರ, ಬಣ್ಣ ನೋಡಿದರೆ ಬಾಯಲ್ಲಿ ನೀರು. ನಾನು ಕನ್ನಡಿ ಕಪಾಟಿನಲ್ಲಿಡಲು ಒಂದು ಜೊತೆ ಗಿಳಿ ಆರಿಸುತ್ತಿದ್ದೆ. ಜೊತೆಗೆ ಬಂದಿದ್ದ ಕಾಕಾ ಒಂದು ಮಾವಿನಹಣ್ಣನ್ನು ಕೈಯಲ್ಲಿ ತೂಗುತ್ತ ನಿಂತುಬಿಟ್ಟರು.

"ಇದನ್ನ ಅರ್ಧಾ ಮಾಡಿ ಒಳಗ ಪೊಳ್ಳ ತಗದ ಕೊಡ್ತೀಯೇನಪಾ?"

"ಪೊಳ್ಳ ಮಾಡಿದ್ರ ಅದೆಂಥಾ ಹಣ್ಣರಿ ಕಾಕಾ?" ಎಂದ ಗೊಂಬೆ ಮಾಡುವವನು.

"ನನಗ ಹಣ್ಣ ಯಾಕೋ, ಸಿಪ್ಪಿ ಬೇಕು."

ಒಂದು ವಾರಕ್ಕೆ ಸಿಪ್ಪೆ ತಯಾರಾಯಿತು. ಬಣ್ಣವಿಲ್ಲದೆ ಒಂದು ವಸ್ತುವನ್ನು ಹೊರಗೆ ಕಳಿಸಲು ಅವನಿಗೆ ಮನಸ್ಸು ಬರಲಿಲ್ಲವೇನೋ, ಹೊಂಬಣ್ಣ ಬಳಿದು, ತುದಿಗೆ ಕೆಂಪು ತಾಗಿಸಿ, ತೊಟ್ಟಿನ ಹತ್ತಿರ ಒಂದು ಹಸಿರು ಎಲೆಯನ್ನೂ ಬರೆದಿದ್ದ. ಕಾಕಾ ಅದನ್ನು ಹಿಂದಿನ ಗಾಲಿ ಹಿಡಿದ ಕೊಳವೆಗಳಿಗೆ ಚರ್ಮದ ಪಟ್ಟಿಯಿಂದ ಬಿಗಿದರು. ಗೊಂಚಲು, ಕಿವಿ ಎರಡೂ ಅರ್ಧ ಮಾವಿನಹಣ್ಣಿನೊಳಗೆ ಬೆಚ್ಚಗೆ ಕುಳಿತವು. ಜಿಗಿದರೆ ಭಾರವಿಲ್ಲ, ತಾಗಿದರೆ ಪೆಟ್ಟು ಕಟ್ಟಿಗೆಗೆ. ಒಂದು ಮೇಕೆ ನಂಬಿ ನೆಕ್ಕಿ ಮೋಸ ಹೋದದ್ದು ಬಿಟ್ಟರೆ ಆ ಕವಚದ ಬಗ್ಗೆ ಯಾರ ತಕರಾರೂ ಇರಲಿಲ್ಲ.

ಇನ್ನು ನನ್ನ ವಿಷಯ. ನನಗೆ ಸೈಕಲ್ ಬರುತ್ತಿರಲಿಲ್ಲ. ಕಾನ್ವೆಂಟಿಗೆ ಎಷ್ಟೋ ಹುಡುಗಿಯರು ಸೈಕಲ್ಲಿನಲ್ಲಿ ಬರುತ್ತಿದ್ದರು, ಎರಡು ಜಡೆ ಹಿಂದಕ್ಕೆ ಹಾರಿಸಿಕೊಂಡು. ನಾನು ಮಾತ್ರ ರಿಕ್ಷಾದಲ್ಲಿ. ಬಿದ್ದು ಕೈಕಾಲು ಮುರಿದರೆ ಯಾರು ಮದುವೆಯಾಗುತ್ತಾರೆ ಎಂದು ಅಪ್ಪಾಜಿಗೆ ಹೆದರಿಕೆ. ಮದುವೆಯಾಗಿ ಎರಡು ಮಕ್ಕಳಾದ ಮೇಲೂ ಆ ಜಡೆಗಳು ನನ್ನ ಕಣ್ಣ ಮುಂದೆ ಒಮ್ಮೊಮ್ಮೆ ಹಾರಿ ಹೋಗುತ್ತಿದ್ದವು. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವಂಥ ಸಂಗತಿಯೂ ಅಲ್ಲ.

ಒಂದು ಮುಂಜಾನೆ ಕಾಕಾ ಚಹಾದ ಬಟ್ಟಲು ಕೆಳಗಿಡುತ್ತ ಅಂದರು: "ತಂಗಿ, ನೀ ಪಡಸಾಲಿ ಒರಸುವಾಗ ದಿನಾ ಸೈಕಲ್ಲಿನ ಬ್ರೇಕ ಹಿಡದು ಬಿಡತೀಯಲ್ಲ, ಯಾಕ?"

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. "ಧೂಳ ಇರ್ತೈತ್ರಿ ಕಾಕಾ."

"ಬ್ರೇಕಿನ್ಯಾಗ ಎಂಥಾ ಧೂಳು? ಸೀರಿ ಕಚ್ಚಿ ಹಾಕ್ಕೊ. ಘೋಡಗೇರಿ ಕಣಕ್ಕ ಹೋಗೂಣು. ಅಲ್ಲಿ ನೋಡಾಕ ಯಾರೂ ಇರಂಗಿಲ್ಲ."

ರಾಶಿ ಮುಗಿದು ಖಾಲಿಯಾಗಿದ್ದ ಕಣ ತಟ್ಟೆಯ ಹಾಗೆ ಸಮನಾಗಿತ್ತು. ಕಾಕಿ ರೊಟ್ಟಿ ಗಂಟಿನ ಜೊತೆ ಬಂದು ಬೇವಿನ ನೆರಳಿನಲ್ಲಿ ಕುಳಿತರು. ಕಾಕಾ ಮಾವಿನಹಣ್ಣಿನ ಪಟ್ಟಿ ಎಳೆದು ನೋಡಿ, ಕಿವಿಯನ್ನು ಒಮ್ಮೆ ಸವರಿ, ಸೈಕಲ್ಲನ್ನು ನನ್ನ ಕೈಗೆ ಕೊಟ್ಟರು. ಮನೆಯಲ್ಲಿ ಬೇರೆ ಯಾರಿಗೂ ಅದನ್ನು ಹತ್ತಲು ಕೊಟ್ಟವರಲ್ಲ. ನನ್ನ ಅಂಗೈ ಬೆವತದ್ದು ಬೀಳುವ ಹೆದರಿಕೆಯಿಂದಲ್ಲ. ಎಲ್ಲೂ ಸಿಗದ ಆ ಕಿವಿಯ ಹೆದರಿಕೆಯಿಂದ.

ಸೀಟು ಗಿಡ್ಡವಾದ್ದರಿಂದ ಕಾಲು ನೆಲಕ್ಕೆ ಮುಟ್ಟುತ್ತಿತ್ತು. ಕಾಕಾ ಹಿಂದೆ ಹಿಡಿದು ಓಡಿದರು. "ಮುಂದ ನೋಡವಾ, ಗಾಲಿ ನೋಡಬ್ಯಾಡ." ಒಂದು ಸುತ್ತು, ಇನ್ನೊಂದು ಸುತ್ತು. ಮುಂದೆ ಯಾವಾಗಲೋ ಹಿಂದಿನ ಹೆಜ್ಜೆಯ ಸಪ್ಪಳ ನಿಂತಿತ್ತು. ನಾನೊಬ್ಬಳೇ ಹೋಗುತ್ತಿದ್ದೆ. ಗಾಳಿ ಮುಖಕ್ಕೆ ಬಂತು. ಜಡೆ ಇರಲಿಲ್ಲ, ತುರುಬು ಇತ್ತು. ಆದರೂ ಹಿಂದೆ ಏನೋ ಹಾರಿದ ಹಾಗಾಯಿತು.

ಆ ಸಂತೋಷದಲ್ಲಿ ತಿರುಗುವುದನ್ನು ಮರೆತೆ. ಕಣದ ಅಂಚಿನ ಕಲ್ಲು ಎದುರಿಗೆ ಬಂತು, ಹ್ಯಾಂಡಲ್ ಹೊರಳಿತು, ಸೈಕಲ್ಲು ವಾಲಿತು. ಯಾವ ಕಡೆ? ಬಲಕ್ಕೆ! ಬಲಕ್ಕೆ ಬೀಳಬಾರದು ಎಂದು ನನ್ನ ಮೈಯೆಲ್ಲ ಕೂಗಿತು. ಬಲಗಾಲು, ಬಲಮೊಣಕೈ ಎರಡನ್ನೂ ಸೈಕಲ್ಲಿನ ಕೆಳಗೆ ಕೊಟ್ಟು ಬಿದ್ದೆ. ಮಾವಿನಹಣ್ಣು ನನ್ನ ಹೊಟ್ಟೆಯ ಮೇಲೆ ಕುಳಿತಿತ್ತು, ಒಂದು ಗೀರೂ ಇಲ್ಲದೆ.

"ಕಾಕಾ, ಏನೂ ಆಗಿಲ್ರಿ! ಕಿವಿ ನೆಲಕ್ಕ ಹತ್ತೇ ಇಲ್ಲ, ನೋಡ್ರಿ" ಎಂದೆ, ಮಲಗಿದಲ್ಲಿಂದಲೇ, ಹೆಮ್ಮೆಯಿಂದ.

ಕಾಕಾ ಧೋತರ ಎತ್ತಿಕೊಂಡು ಓಡಿ ಬಂದರು. ಸೈಕಲ್ಲನ್ನು ನನ್ನ ಮೇಲಿಂದ ಎತ್ತಿದರು. ಎತ್ತಿ, ಅದರ ಕಡೆ ನೋಡದೆ, ಬಾಜೂಕ್ಕೆ ಒಗೆದರು. ಅದು ಬಲಮಗ್ಗುಲಾಗಿ ಕಲ್ಲಿನ ಮೇಲೆ ಬಿತ್ತು. ಠಪ್ ಎಂದು ಮಾವಿನಹಣ್ಣು ಸೀಳಿತು.

ಕಾಕಾರಿಗೆ ಕೇಳಿಸಿಯೇ ಇರಲಿಲ್ಲ. ನನ್ನ ಮೊಣಕೈಯ ಮಣ್ಣನ್ನು ಟೊಪ್ಪಿಗೆಯಿಂದ ಒರೆಸುತ್ತ, "ಕೈ ಮಡಚು. ಬಿಚ್ಚು. ಇನ್ನೊಮ್ಮೆ ಮಡಚು" ಎನ್ನುತ್ತಿದ್ದರು. ಕೈ ಮಡಚಿತು, ಬಿಚ್ಚಿತು. ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಅವರು ದೊಡ್ಡದಾಗಿ ಉಸಿರು ಬಿಟ್ಟು ಅಲ್ಲೇ ಮಣ್ಣಿನಲ್ಲಿ ಕುಳಿತರು. ಅವರ ಹಿಮ್ಮಡಿ ನೆಲಕ್ಕೆ ಊರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಸಿಟ್ಟು ಬಂತು.

"ಬೀಳೂದಿದ್ರ ಅದರ ಮ್ಯಾಲ ಬೀಳಬೇಕವಾ! ಅದರ ಕೆಳಗ ಬೀಳತಾರೇನು?"

"ಅಲ್ರಿ ಕಾಕಾ, ಕಿವಿ..."

"ಕಿವಿಗೇನ ಬೆಂಕಿ ಹತ್ತಲಿ. ನಿಮ್ಮ ಅಪ್ಪಾಜಿಗೆ ನಾ ಏನ ಹೇಳಲಿ?"

ಹಾಗಾದರೆ ಕಿವಿ ಏನಾಯಿತು? ಅದನ್ನು ನೋಡಲು ಓಡಿದವರು ಕಾಕಿ. ಸವತಿ ಎಂದು ಮೂದಲಿಸಿದ ಅದೇ ಕಾಕಿ ಸೈಕಲ್ಲನ್ನು ಎತ್ತಿ, ಒಡೆದ ಕಟ್ಟಿಗೆಯನ್ನು ಬಿಡಿಸಿ, ಗಾಲಿಯ ಹಿಂದೆ ಕುಕ್ಕುರುಗಾಲಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿದರು. ಇದನ್ನು ಯಾವಾಗ ಕಲಿತಿದ್ದರೋ! ಪೆಡಲ್ ತಿರುವಿದರು. ಚೈನು ಸರಸರ ಓಡಿತು.

"ನೆಟ್ಟಗ ಐತ್ರಿ" ಎಂದರು. "ಕಿವಿ ನೆಟ್ಟಗ ಐತಿ. ಸಿಪ್ಪಿ ಅಷ್ಟ ಹೋಗೇತಿ."

ಮೂವರೂ ಬೇವಿನ ಕೆಳಗೆ ಕುಳಿತು ರೊಟ್ಟಿ ತಿಂದೆವು. ಅಷ್ಟು ರುಚಿಯಾದ ಬದನೆಕಾಯಿ ಪಲ್ಯ ನಾನು ಮತ್ತೆ ತಿಂದಿಲ್ಲ.

ಇನ್ನು ನನ್ನ ಸೈಕಲ್ ಸವಾರಿ ಮುಗಿಯಿತು ಎಂದೇ ಅಂದುಕೊಂಡಿದ್ದೆ. ಎರಡು ಮೂರು ದಿನ ಕಾಕಾ ಅದರ ಮಾತೇ ಎತ್ತಲಿಲ್ಲ. ಗೋಕಾಕಕ್ಕೆ ಹೋಗಿ ಹೊಸ ಸಿಪ್ಪೆಗೆ ಹೇಳಿ ಬಂದರು ಎಂದು ಮಾತ್ರ ತಿಳಿಯಿತು. ಒಂದು ಬೆಳಿಗ್ಗೆ ಪಡಸಾಲೆ ಒರೆಸಲು ಹೋದರೆ ಸೈಕಲ್ಲು ಚಳಿಯಲ್ಲಿ ಬರಿಮೈಯಲ್ಲಿ ನಿಂತಿತ್ತು. ಕೌದಿ ಇರಲಿಲ್ಲ. ಹ್ಯಾಂಡಲಿಗೆ ಒಂದು ಕೈಚೀಲ ನೇತುಬಿದ್ದಿತ್ತು.

"ನಿನಗ ಐತಿ, ತಗೋ" ಎಂದು ಕಾಕಾ ಒಳಗಿನಿಂದಲೇ ಹೇಳಿದರು.

ಚೀಲದೊಳಗೆ ಇಳಕಲ್ ಸೀರೆಯ ಅಂಚು ಮೇಲೆ ಬರುವಂತೆ ಮಡಚಿ, ಕಾಕಿಯ ಸಣ್ಣ ಸಣ್ಣ ಹೊಲಿಗೆಯಲ್ಲಿ ಒತ್ತೊತ್ತಾಗಿ ಹೊಲಿದ, ಕಟ್ಟಿಕೊಳ್ಳಲು ಲಾಡಿ ಇಟ್ಟ ದಪ್ಪನೆಯ ಕೌದಿಯ ತುಂಡುಗಳು. ಎರಡು ಮೊಣಕಾಲಿಗೆ, ಎರಡು ಮೊಣಕೈಗೆ. ಬಲಗಡೆಯವು ಎಡಗಡೆಯವಕ್ಕಿಂತ ತುಸು ದಪ್ಪಗಿದ್ದವು.